ಕತ್ತಲೆಯನ್ನು ಕಾಣುವ ಕಣ್ಣುಗಳು

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಹೆಸರನ್ನು ನಮ್ಮ ನಾಡಿನ ಇತಿಹಾಸವನ್ನು ಓದಿದವರು ಕೇಳಿಯೇ ಇರುತ್ತಾರೆ. ೧೩೯೯ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಸಹೋದರರು ಇಲ್ಲಿಗೆ ಬಂದರೆಂದೂ, ಒಡೆಯನನ್ನು ಕಳೆದುಕೊಂಡು ದಿಕ್ಕುಗೆಟ್ಟಿದ್ದ ಮನೆಯ ತಾಯಿಯನ್ನೂ ಮಗಳನ್ನೂ ಕಾರುಗಹಳ್ಳಿಯ ಮಾರನಾಯಕನಿಂದ ಕಾಪಾಡಿದರೆಂದೂ, ಮೈಸೂರಿನ ಅರಸು ಮನೆತನ ಅಲ್ಲಿಂದ ಮೊದಲಾಯಿತೆಂದೂ ಐತಿಹ್ಯವುಂಟು. ಈ ಕಥೆಯಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಮನೆಯನ್ನು ಉಳಿಸಿದ್ದು ಕತ್ತಿಯೊಂದೇ ಅಲ್ಲ. ಅಪಾಯವು ಬಾಗಿಲಿಗೆ ಬರುವುದಕ್ಕೆ ಮುಂಚೆಯೇ ಅದರ ಸುಳಿವು ಕಾಯುವವರಿಗೆ ದೊರೆತದ್ದು.

ಆರು ಶತಮಾನಗಳ ತರುವಾಯ ಇದೇ ಸೀಮೆಯ ಮನೆಗಳಿಗೆ ಬೇರೊಂದು ಬಗೆಯ ಭಯವು ಬಂದೊದಗಿತು. ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ೨೦೨೨ರ ಅಕ್ಟೋಬರ್ ಕೊನೆಯಿಂದ ೨೦೨೩ರ ಜನವರಿಯವರೆಗಿನ ಮೂರು ತಿಂಗಳೊಳಗೆ ನಾಲ್ವರು ಚಿರತೆಯ ದಾಳಿಗೆ ಬಲಿಯಾದರು. ಅವರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬರು ವಯಸ್ಸಾದ ತಾಯಿ, ಒಬ್ಬ ಶಾಲಾ ಬಾಲಕ. ಇವರಲ್ಲಿ ಕೆಲವರು ಸತ್ತದ್ದು ಕಾಡಿನಲ್ಲಲ್ಲ. ಮುಸ್ಸಂಜೆಯ ಹೊತ್ತಿನಲ್ಲಿ, ತಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ. ಆ ಬಳಿಕ ಸರ್ಕಾರವು ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯೊಂದನ್ನು ರಚಿಸಿತು. ಅರಣ್ಯ ಇಲಾಖೆಯವರು ಬೋನುಗಳನ್ನಿಟ್ಟರು, ಕ್ಯಾಮೆರಾಗಳನ್ನು ಕಟ್ಟಿದರು, ಶಾಖವನ್ನು ಕಾಣಬಲ್ಲ ಕ್ಯಾಮೆರಾ ಹೊತ್ತ ಡ್ರೋನುಗಳನ್ನು ಕಬ್ಬಿನ ಗದ್ದೆಗಳ ಮೇಲೆ ಹಾರಿಸಿದರು. ಅಂದಿನಿಂದ ಹಳ್ಳಿಗಳ ಜಗುಲಿಯಲ್ಲಿಯೂ ಒಂದು ಪ್ರಶ್ನೆ ಕೇಳಿಬರುತ್ತಿದೆ: ‘ಅಂಥ ಕ್ಯಾಮೆರಾ ಒಂದು ನಮ್ಮ ಮನೆಯಲ್ಲಿಯೂ ಇದ್ದರೆ?’

ಪ್ರಶ್ನೆ ಸಾಧುವಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದರೆ ಇಂಥ ಉಪಕರಣಗಳು ಏನನ್ನು ಕಾಣುತ್ತವೆ, ಹೇಗೆ ಕಾಣುತ್ತವೆ, ಯಾವುದನ್ನು ಕಾಣಲಾರವು ಎಂಬುದನ್ನು ನಾವು ತಿಳಿದುಕೊಳ್ಳಬೇಕು.

ನಮ್ಮ ಕಣ್ಣು, ಚಿರತೆಯ ಕಣ್ಣು

ನಡುಹಗಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕಿನ ಪ್ರಮಾಣ ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳುದಿಂಗಳು ಒಂದು ಲಕ್ಸಿನ ಹತ್ತರಲ್ಲಿ ಒಂದೆರಡು ಭಾಗ ಮಾತ್ರ. ಅಮಾವಾಸ್ಯೆಯ ರಾತ್ರಿ ನಕ್ಷತ್ರಗಳಿಂದ ಬರುವ ಬೆಳಕು ಲಕ್ಸಿನ ಸಾವಿರದಲ್ಲೊಂದು ಭಾಗದಷ್ಟು. ಅಂದರೆ ಹಗಲಿಗೂ ಅಮಾವಾಸ್ಯೆಯ ಇರುಳಿಗೂ ಹತ್ತು ಕೋಟಿ ಪಟ್ಟು ಅಂತರವಿದೆ. ಇಷ್ಟು ದೊಡ್ಡ ಅಂತರವನ್ನು ಒಂದೇ ಕಣ್ಣು ನಿಭಾಯಿಸಬೇಕಾಗಿದೆ.

ಇದಕ್ಕಾಗಿ ಪ್ರಕೃತಿಯು ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳನ್ನಿಟ್ಟಿದೆ. ಬಣ್ಣವನ್ನು ಅರಿಯುವ ಶಂಕುಕೋಶಗಳು ಸುಮಾರು ಅರವತ್ತು ಲಕ್ಷ. ಮಂದ ಬೆಳಕಿನಲ್ಲಿ ಕೆಲಸಮಾಡುವ ದಂಡಕೋಶಗಳು ಸುಮಾರು ಹನ್ನೆರಡು ಕೋಟಿ. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಹೆಚ್ಚು ಬೆಳಕಿನಲ್ಲಿ ಒಡೆದುಹೋಗುತ್ತದೆ. ಕತ್ತಲೆಯಲ್ಲಿ ಮತ್ತೆ ಕೂಡಿಕೊಳ್ಳಲು ಅದಕ್ಕೆ ಅರ್ಧ ಗಂಟೆಯ ಕಾಲ ಹಿಡಿಯುವುದು. ಬೆಳಗುವ ಮೊಬೈಲನ್ನು ನೋಡುತ್ತಿದ್ದು, ತಟ್ಟನೆ ಎದ್ದು ಹಿತ್ತಲಿಗೆ ಹೋಗುವವನು ಕೆಲಹೊತ್ತು ಕುರುಡನೇ ಸರಿ.

ಚಿರತೆಯ ಸ್ಥಿತಿ ಹಾಗಲ್ಲ. ಅದರ ಅಕ್ಷಿಪಟಲದ ಹಿಂದೆ ಕನ್ನಡಿಯಂತೆ ಹೊಳೆಯುವ ಪೊರೆಯೊಂದಿದೆ. ಕೋಶಗಳ ಹಿಡಿತಕ್ಕೆ ಸಿಕ್ಕದೆ ದಾಟಿಹೋದ ಬೆಳಕನ್ನು ಈ ಪೊರೆಯು ಹಿಂದಕ್ಕೆ ಎಸೆದು ಅವುಗಳಿಗೆ ಮತ್ತೊಂದು ಅವಕಾಶವನ್ನು ಕೊಡುತ್ತದೆ. ಬೆಕ್ಕಿಗೆ ನಮಗೆ ಬೇಕಾದ ಬೆಳಕಿನ ಆರರಲ್ಲೊಂದು ಭಾಗವೇ ಸಾಕೆಂದು ಲೆಕ್ಕ. ಚಿರತೆಯೂ ಅದೇ ಕುಲಕ್ಕೆ ಸೇರಿದ್ದು. ಟಾರ್ಚಿನ ಬೆಳಕಿಗೆ ಅದರ ಕಣ್ಣುಗಳು ಕೆಂಡದಂತೆ ಹೊಳೆಯುವುದಕ್ಕೂ ಈ ಪೊರೆಯೇ ಕಾರಣ. ಈ ಹೊಳಪು ಬೆಳಕು ಬಂದ ದಿಕ್ಕಿಗೇ ಮರಳುವುದರಿಂದ, ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದವನಿಗಿಂತ ತನ್ನ ಕಣ್ಣಿನ ಪಕ್ಕದಲ್ಲಿ ಹಿಡಿದವನಿಗೆ ಅದು ಚೆನ್ನಾಗಿ ಕಾಣಿಸುವುದು. ಖರ್ಚಿಲ್ಲದ ಈ ಉಪಾಯವನ್ನು ಎಲ್ಲರೂ ನೆನಪಿನಲ್ಲಿಡಬೇಕು.

ಇದ್ದ ಬೆಳಕನ್ನು ಹೆಚ್ಚಿಸುವ ಉಪಕರಣ

ಇರುಳಿನಲ್ಲಿ ಕಾಣಲು ಮನುಷ್ಯನು ಮೂರು ದಾರಿಗಳನ್ನು ಕಂಡುಹಿಡಿದಿದ್ದಾನೆ. ಇವುಗಳನ್ನು ಒಂದರೊಡನೊಂದು ಬೆರೆಸಿ ಮಾತನಾಡುವುದರಿಂದಲೇ ಜನರಲ್ಲಿ ಬಹಳ ಗೊಂದಲ ಉಂಟಾಗಿದೆ.

ಮೊದಲನೆಯದು, ಇದ್ದ ಅಲ್ಪ ಬೆಳಕನ್ನೇ ಹೆಚ್ಚಿಸುವುದು. ದುರ್ಬೀನಿನಂತಿರುವ ಈ ಉಪಕರಣದ ಮುಂಭಾಗದಲ್ಲಿ ಬೆಳಕಿನ ಕಣವು ಬಿದ್ದೊಡನೆ ಎಲೆಕ್ಟ್ರಾನನ್ನು ಹೊರಚೆಲ್ಲುವ ತೆಳುಪೊರೆಯೊಂದಿರುತ್ತದೆ. ಆ ಎಲೆಕ್ಟ್ರಾನು ಲಕ್ಷಾಂತರ ಸೂಕ್ಷ್ಮ ರಂಧ್ರಗಳುಳ್ಳ ಗಾಜಿನ ಬಿಲ್ಲೆಯೊಂದನ್ನು ಹೊಕ್ಕು, ರಂಧ್ರದ ಗೋಡೆಗೆ ಬಡಿದು ಹಲವು ಎಲೆಕ್ಟ್ರಾನುಗಳನ್ನು ಹೊರಡಿಸುತ್ತದೆ. ಅವು ಮತ್ತೆ ಬಡಿದು ಇನ್ನಷ್ಟನ್ನು ಹೊರಡಿಸುತ್ತವೆ. ಒಂದು ಕಾಳು ರಾಗಿಯನ್ನು ಬಿತ್ತಿದರೆ ತೆನೆ ತುಂಬ ಕಾಳು ಬರುವಂತೆ, ಒಂದು ಎಲೆಕ್ಟ್ರಾನು ಹೋಗಿ ಸಾವಿರಾರು ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಇವು ಕೊನೆಗೆ ರಂಜಕದ ತೆರೆಯ ಮೇಲೆ ಬಿದ್ದು ಚಿತ್ರವನ್ನು ಮೂಡಿಸುತ್ತವೆ. ನಮ್ಮ ಕಣ್ಣು ಹಸುರಿನ ಛಾಯೆಗಳನ್ನು ಚೆನ್ನಾಗಿ ಗುರುತಿಸಬಲ್ಲುದಾದ್ದರಿಂದ ಈ ತೆರೆಯನ್ನು ಬಹುಕಾಲ ಹಸುರು ಬಣ್ಣದ್ದಾಗಿಯೇ ಮಾಡಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ನಮ್ಮ ಸೈನ್ಯಕ್ಕಾಗಿ ಈ ಬಗೆಯ ಉಪಕರಣಗಳನ್ನು ತಯಾರಿಸಿದೆ.

ಬೆಳಕೇ ಇಲ್ಲದ ಕಡೆ ಇದು ನಿರುಪಯುಕ್ತ. ಬಿತ್ತಲು ಕಾಳಿಲ್ಲದಿದ್ದರೆ ಬೆಳೆಯೆಲ್ಲಿಂದ ಬಂದೀತು? ಮುಚ್ಚಿದ ಕೊಟ್ಟಿಗೆಯೊಳಗೆ ಇದನ್ನು ಹಿಡಿದು ನೋಡಿದವನಿಗೆ ಕಾಣುವುದು ಕತ್ತಲೆಯೇ.

ಎರಡನೆಯ ದಾರಿಯು ಕಣ್ಣಿಗೆ ಕಾಣದ ದೀಪವನ್ನು ಹಚ್ಚುವುದು. ಕೆಂಪು ಬಣ್ಣದ ಆಚೆಗಿರುವ ಅವಕೆಂಪು ಕಿರಣಗಳು ನಮ್ಮ ಕಣ್ಣಿಗೆ ಗೋಚರಿಸವು. ಆದರೆ ಸಿಲಿಕಾನಿನ ಕ್ಯಾಮೆರಾ ಅವನ್ನು ಕಾಣಬಲ್ಲುದು. ಎರಡನೆಯ ಮಹಾಯುದ್ಧದ ಕೊನೆಯ ವರ್ಷವಾದ ೧೯೪೫ರಲ್ಲಿ, ಓಕಿನಾವಾ ದ್ವೀಪದ ಕಾಳಗದಲ್ಲಿ, ಅಮೆರಿಕದ ಸೈನಿಕರು ಇಂಥ ಅವಕೆಂಪು ದೀಪವನ್ನೂ ದರ್ಶಕವನ್ನೂ ಬಂದೂಕಿಗೆ ಕಟ್ಟಿಕೊಂಡಿದ್ದರು. ಇಂದು ಅಂಗಡಿಯ ಬಾಗಿಲಲ್ಲಿ ತೂಗುವ ಸಿ.ಸಿ. ಕ್ಯಾಮೆರಾ ಮಾಡುವುದೂ ಇದನ್ನೇ. ಅದರ ಸುತ್ತಲಿನ ಚಿಕ್ಕ ದೀಪಗಳು ೮೫೦ ಅಥವಾ ೯೪೦ ನ್ಯಾನೋಮೀಟರ್ ಅಲೆಯುದ್ದದ ಕಿರಣಗಳನ್ನು ಬೀರುತ್ತವೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಟೆಲಿವಿಷನ್ನಿನ ರಿಮೋಟನ್ನು ಮೊಬೈಲ್ ಕ್ಯಾಮೆರಾದ ಎದುರಿಗೆ ಹಿಡಿದು ಗುಂಡಿಯನ್ನು ಒತ್ತಿರಿ. ಬರಿಗಣ್ಣಿಗೆ ಏನೂ ಕಾಣದಿದ್ದರೂ ಬಹುಪಾಲು ಮೊಬೈಲುಗಳ ತೆರೆಯ ಮೇಲೆ ಮಿನುಗುವ ಚುಕ್ಕಿಯೊಂದು ಕಾಣಿಸುವುದು. ಈ ದೀಪದ ಬೆಳಕು ಎಷ್ಟು ದೂರ ತಲಪುವುದೋ ಕ್ಯಾಮೆರಾದ ದೃಷ್ಟಿಯೂ ಅಷ್ಟೇ ದೂರ.

ಶಾಖವನ್ನೇ ಕಾಣುವ ಉಪಕರಣ

ಮೂರನೆಯ ದಾರಿಯು ಇವೆರಡಕ್ಕಿಂತ ತೀರ ಭಿನ್ನವಾದದ್ದು. ಇದಕ್ಕೆ ಚಂದ್ರನೂ ಬೇಡ, ದೀಪವೂ ಬೇಡ. ನೋಡಬೇಕಾದ ವಸ್ತುವೇ ಇಲ್ಲಿ ದೀಪ.

೧೮೦೦ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಸೂರ್ಯನ ಬೆಳಕನ್ನು ಪಟ್ಟಕದಿಂದ ಬಿಡಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪಿನ ಆಚೆಗೆ, ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರಿತು. ಅವಕೆಂಪು ಕಿರಣಗಳ ಪರಿಚಯ ಮನುಷ್ಯನಿಗಾದದ್ದು ಹೀಗೆ. ಶಾಖವುಳ್ಳ ಪ್ರತಿಯೊಂದು ವಸ್ತುವೂ ಕಿರಣಗಳನ್ನು ಬೀರುತ್ತಲೇ ಇರುತ್ತದೆ. ಯಾವ ಅಲೆಯುದ್ದದಲ್ಲಿ ಅತ್ಯಧಿಕವಾಗಿ ಬೀರುತ್ತದೆಂಬುದನ್ನು ವೀನನ ನಿಯಮವು ತಿಳಿಸುತ್ತದೆ: ೨೮೯೮ನ್ನು ಕೆಲ್ವಿನ್ ಮಾನದ ಉಷ್ಣತೆಯಿಂದ ಭಾಗಿಸಿದರೆ ಮೈಕ್ರಾನುಗಳಲ್ಲಿ ಉತ್ತರ ದೊರೆಯುವುದು. ಸೂರ್ಯನ ಹೊರಮೈಯ ಉಷ್ಣತೆ ಸುಮಾರು ೫೮೦೦ ಕೆಲ್ವಿನ್; ಆದ್ದರಿಂದ ಅರ್ಧ ಮೈಕ್ರಾನು, ಅಂದರೆ ಕಣ್ಣಿಗೆ ಕಾಣುವ ಬೆಳಕು. ನಮ್ಮ ದೇಹದ್ದು ಸುಮಾರು ೩೧೦ ಕೆಲ್ವಿನ್. ಆದ್ದರಿಂದ ಸುಮಾರು ೯.೩ ಮೈಕ್ರಾನು. ೮ರಿಂದ ೧೪ ಮೈಕ್ರಾನಿನವರೆಗಿನ ಕಿರಣಗಳಿಗೆ ನಮ್ಮ ವಾಯುಮಂಡಲವು ದಾರಿ ಬಿಡುತ್ತದೆಂಬುದು ಒಂದು ಅದೃಷ್ಟ. ಮನುಷ್ಯ, ಹಸು, ಚಿರತೆ ಎಲ್ಲವೂ ಈ ಕಿಟಕಿಯಲ್ಲಿ ಹಗಲಿರುಳೂ ಬೆಳಗುತ್ತಿರುವ ದೀಪಗಳೇ.

ಈ ದೀಪಗಳನ್ನು ಕಾಣುವ ಬಹು ಸೂಕ್ಷ್ಮವಾದ ಉಪಕರಣವೊಂದನ್ನು ೧೮೮೦ರ ಸುಮಾರಿನಲ್ಲಿ ಅಮೆರಿಕದ ಸ್ಯಾಮ್ಯುಯಲ್ ಲ್ಯಾಂಗ್ಲಿ ನಿರ್ಮಿಸಿದನು. ಅದರ ಹೆಸರು ಬೋಲೋಮೀಟರ್. ಕಿರಣ ಬಿದ್ದು ತೆಳುವಾದ ಲೋಹದ ಪಟ್ಟಿ ಬಿಸಿಯಾದರೆ ಅದರ ವಿದ್ಯುತ್ ರೋಧವು ಬದಲಾಗುವುದು. ಆ ಬದಲಾವಣೆಯನ್ನು ಅಳೆದು ಶಾಖವನ್ನು ತಿಳಿಯುವುದು. ಕಾಲು ಮೈಲಿ ದೂರದಲ್ಲಿ ನಿಂತ ಹಸುವಿನ ಶಾಖವನ್ನೂ ಅದು ಗುರುತಿಸುತ್ತಿತ್ತೆಂದು ಪ್ರಸಿದ್ಧಿ. ಇಂದಿನ ಥರ್ಮಲ್ ಕ್ಯಾಮೆರಾದಲ್ಲಿ ಇಂಥ ಬೋಲೋಮೀಟರುಗಳನ್ನೇ ಲಕ್ಷದ ಲೆಕ್ಕದಲ್ಲಿ, ಒಂದೊಂದೂ ಹನ್ನೆರಡು ಮೈಕ್ರಾನಿನಷ್ಟು ಚಿಕ್ಕದಾಗಿ, ಉಗುರಗಲದ ಬಿಲ್ಲೆಯ ಮೇಲೆ ಜೋಡಿಸಿರುತ್ತಾರೆ. ಲೋಹದ ಪಟ್ಟಿಯ ಬದಲಿಗೆ ಇಲ್ಲಿ ವೆನೇಡಿಯಂ ಆಕ್ಸೈಡಿನ ಲೇಪವಿರುವುದು. ನೋಡುವ ದೃಶ್ಯದಲ್ಲಿ ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಭಾಗದಷ್ಟು ವ್ಯತ್ಯಾಸವಿದ್ದರೂ ಅದು ಚಿತ್ರದಲ್ಲಿ ಮೂಡಬಲ್ಲುದು. ಗಾಜು ಈ ಕಿರಣಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಮಸೂರವನ್ನು ಜರ್ಮೇನಿಯಂ ಮುಂತಾದ ಬೆಲೆಬಾಳುವ ವಸ್ತುಗಳಿಂದ ಮಾಡಬೇಕಾಗುತ್ತದೆ. ಈ ಉಪಕರಣ ದುಬಾರಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಕಾಣುವುದು ಬೇರೆ, ಗುರುತಿಸುವುದು ಬೇರೆ

ಈಗ ಹದಿನಾರಿನ ಹೊರವಲಯದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮುಂದೆ ಜಗುಲಿ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಹಿತ್ತಲು, ಅದರಾಚೆ ಕಬ್ಬಿನ ಗದ್ದೆ. ಮನೆಯವರು ಹಲವು ಹತ್ತು ಸಾವಿರ ರೂಪಾಯಿ ಕೊಟ್ಟು ಥರ್ಮಲ್ ದರ್ಶಕವೊಂದನ್ನು ತಂದಿದ್ದಾರೆಂದು ಇಟ್ಟುಕೊಳ್ಳೋಣ. ಅದರ ಪೆಟ್ಟಿಗೆಯ ಮೇಲೆ ‘ಆರುನೂರು ಮೀಟರ್’ ಎಂದು ಅಚ್ಚಾಗಿದೆ. ಇದರ ಅರ್ಥವೇನು?

ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ದುಡಿಯುತ್ತಿದ್ದ ಜಾನ್ ಜಾನ್ಸನ್ ಎಂಬಾತನು ೧೯೫೮ರಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಸಂಖ್ಯೆಗಳಲ್ಲಿ ಕೊಟ್ಟನು. ನೋಟದಲ್ಲಿ ಮೂರು ಹಂತಗಳುಂಟು. ‘ಅಲ್ಲೇನೋ ಇದೆ’ ಎಂದು ಅರಿಯುವುದು ಮೊದಲನೆಯದು. ‘ಅದು ನಾಲ್ಕು ಕಾಲಿನ ಪ್ರಾಣಿ’ ಎಂದು ತಿಳಿಯುವುದು ಎರಡನೆಯದು. ‘ಅದು ಚಿರತೆಯೇ’ ಎಂದು ನಿರ್ಣಯಿಸುವುದು ಮೂರನೆಯದು. ಈಗಿನ ಕ್ಯಾಮೆರಾಗಳ ಭಾಷೆಯಲ್ಲಿ ಹೇಳುವುದಾದರೆ, ವಸ್ತುವಿನ ಅಳತೆಯ ಉದ್ದಕ್ಕೂ ಮೊದಲನೆಯದಕ್ಕೆ ಸುಮಾರು ಎರಡು ಚುಕ್ಕಿಗಳು ಸಾಕು. ಎರಡನೆಯದಕ್ಕೆ ಎಂಟು ಬೇಕು. ಮೂರನೆಯದಕ್ಕೆ ಹದಿಮೂರು ಬೇಕು. ಇಷ್ಟಿದ್ದರೂ ಅರ್ಧದಷ್ಟು ಸಲ ಮಾತ್ರ ಸರಿಯಾದ ಉತ್ತರ ದೊರೆಯುವುದು.

ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ೧೨ ಮೈಕ್ರಾನಿನ ಚುಕ್ಕಿಗಳೂ ೨೫ ಮಿಲಿಮೀಟರ್ ಸಂಗಮದೂರದ ಮಸೂರವೂ ಇರುವ ದರ್ಶಕದಲ್ಲಿ, ನೂರು ಮೀಟರ್ ದೂರದಲ್ಲಿ ಒಂದು ಚುಕ್ಕಿಯು ೪.೮ ಸೆಂಟಿಮೀಟರ್ ಜಾಗವನ್ನು ಆವರಿಸುವುದು. ಚಿರತೆಯ ಎತ್ತರವನ್ನು ೬೦ ಸೆಂಟಿಮೀಟರ್ ಎಂದು ಹಿಡಿದರೆ, ಹನ್ನೆರಡು ಚುಕ್ಕಿಗಳಾದವು. ಅದು ಚಿರತೆಯೆಂದು ಹೆಚ್ಚುಕಡಮೆ ಹೇಳಬಹುದು. ಇನ್ನೂರು ಮೀಟರಿನಲ್ಲಿ ಆರು ಚುಕ್ಕಿ. ಮುನ್ನೂರು ಮೀಟರಿನಲ್ಲಿ ನಾಲ್ಕೇ ಚುಕ್ಕಿ; ಅದು ಚಿರತೆಯೋ, ಬೀದಿನಾಯಿಯೋ, ಹಗ್ಗ ಬಿಚ್ಚಿಕೊಂಡ ಕರುವೋ ತಿಳಿಯುವಂತಿಲ್ಲ. ಆರುನೂರು ಮೀಟರಿನಲ್ಲಿ ಉಳಿಯುವುದು ಎರಡು ಚುಕ್ಕಿ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆಯು ಸಾಮಾನ್ಯವಾಗಿ ಈ ಕೊನೆಯದೇ.

ಈ ಲೆಕ್ಕದಲ್ಲಿ ಮನುಷ್ಯನ ಪ್ರಾಣದ ಪ್ರಶ್ನೆಯೂ ಅಡಗಿದೆ. ಪರದೇಶಗಳಲ್ಲಿ ಮನೆಯ ರಕ್ಷಣೆಗೆಂದು ಇಂಥ ದರ್ಶಕಗಳನ್ನು ಬಂದೂಕಿಗೆ ಜೋಡಿಸುವವರುಂಟು. ನಮ್ಮಲ್ಲಿ ರಾತ್ರಿಯ ಹೊತ್ತು ವಿದ್ಯುತ್ತು ಬಂದಾಗ ಪಂಪುಸೆಟ್ಟನ್ನು ಹಾಕಲು ಗದ್ದೆಗೆ ಹೋಗುವ ರೈತರು ಅನೇಕರು. ಮಡೆ ತಿರುವಲು ಬಗ್ಗಿ ನಿಂತ ನೆರೆಯವನೂ, ಕಬ್ಬಿನ ಸಂದಿಯಲ್ಲಿ ಕುಳಿತ ಮೃಗವೂ ಆ ತೆರೆಯ ಮೇಲೆ ಒಂದೇ ಬಗೆಯ ಬಿಳಿಯ ಮಚ್ಚೆಗಳು. ಶಾಖದ ಚಿತ್ರದಲ್ಲಿ ಮುಖಚರ್ಯೆಯಿಲ್ಲ, ಬಟ್ಟೆಯ ಬಣ್ಣವಿಲ್ಲ, ಚಿರತೆಯ ಮೈಮೇಲಿನ ಚುಕ್ಕೆಗಳೂ ಇಲ್ಲ. ಮಚ್ಚೆಯನ್ನು ನಂಬಿ ಗುಂಡು ಹಾರಿಸಿದವನು ಯಾರನ್ನು ಕೊಂದಾನೆಂದು ಹೇಳಲಾಗದು. ಅದಲ್ಲದೆ ಚಿರತೆಯು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಬೇಟೆಯಾಡುವುದು ಅಪರಾಧ.

ಈ ಕಣ್ಣಿಗೆ ಕಾಣದ್ದು

ಥರ್ಮಲ್ ದರ್ಶಕವು ಗೋಡೆಯ ಆಚೆಗೂ ಕಾಣುತ್ತದೆಂದು ಸಿನಿಮಾಗಳನ್ನು ನೋಡಿದವರು ನಂಬಿದ್ದಾರೆ. ಅದು ತಪ್ಪು. ಅದು ಕಾಣುವುದು ವಸ್ತುವಿನ ಹೊರಮೈಯ ಶಾಖವನ್ನು ಮಾತ್ರ. ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ನಿಂತು ಹಿತ್ತಲನ್ನು ನೋಡಹೊರಟವನಿಗೆ ಹಿತ್ತಲು ಕಾಣುವುದಿಲ್ಲ. ಗಾಜಿನಲ್ಲಿ ಪ್ರತಿಫಲಿಸಿದ ತನ್ನದೇ ದೇಹದ ಶಾಖವು ಕಾಣುತ್ತದೆ. ನೋಡಬೇಕಾದರೆ ಕಿಟಕಿಯನ್ನು ತೆರೆಯಬೇಕು. ಹುಲುಸಾಗಿ ಬೆಳೆದ ಕಬ್ಬಿನ ಗರಿಗಳೂ ಕಿರಣಗಳನ್ನು ತಡೆಯುತ್ತವೆ. ಜಗುಲಿಯಿಂದ ನೋಡುವವನಿಗೆ ಗದ್ದೆಯೊಂದು ಹಸಿರು ಗೋಡೆ. ಅರಣ್ಯ ಇಲಾಖೆಯವರು ಡ್ರೋನನ್ನು ಮೇಲಿನಿಂದ ಹಾರಿಸುವುದಕ್ಕೆ ಇದೇ ಕಾರಣ. ಸಾಲುಗಳ ನಡುವಣ ಸಂದಿಯಲ್ಲಿ ಮೇಲಿನಿಂದ ಏನಾದರೂ ಕಂಡೀತು.

ಹೊತ್ತಿನ ಪ್ರಶ್ನೆಯೂ ಉಂಟು. ಬಿಸಿಲಿಗೆ ಕಾದ ಬಂಡೆ, ಮಣ್ಣು, ಗೋಡೆಗಳು ಸಂಜೆಯಾದೊಡನೆ ತಣಿಯುವುದಿಲ್ಲ. ಚಿರತೆಯ ತುಪ್ಪುಳು ಒಳಗಿನ ಶಾಖವನ್ನು ತಡೆದಿಡುವುದರಿಂದ ಅದರ ಹೊರಮೈಯೂ ದೇಹದಷ್ಟು ಬಿಸಿಯಾಗಿರುವುದಿಲ್ಲ. ಬೇಸಗೆಯ ಸಂಜೆ ಎರಡರ ಉಷ್ಣತೆಯೂ ಸಮೀಪಕ್ಕೆ ಬಂದು ಚಿತ್ರವು ಮಸುಕಾಗುವುದು. ನೆಲ ತಣಿದ ಬೆಳಗಿನ ಜಾವದಲ್ಲಿ ಈ ಉಪಕರಣವು ಅತ್ಯುತ್ತಮವಾಗಿ ಕೆಲಸಮಾಡುತ್ತದೆ. ಚಿರತೆಯೂ ಮನುಷ್ಯನೂ ಒಂದೇ ದಾರಿಯಲ್ಲಿ ಓಡಾಡುವ ಮುಸ್ಸಂಜೆಯಲ್ಲಿ ಅದರ ಸಾಮರ್ಥ್ಯ ಕುಗ್ಗಿರುತ್ತದೆ. ಮಳೆ ಮಂಜುಗಳಲ್ಲಿಯೂ ಹಾಗೆಯೇ.

ಎಲ್ಲಕ್ಕಿಂತ ಮುಖ್ಯವಾಗಿ, ಹಳ್ಳಿಯ ಮನೆಗೆ ಹೆಚ್ಚಿನ ಅಪಾಯವು ಚಿರತೆಯದ್ದಲ್ಲ, ಹಾವಿನದು. ೨೦೦೦ರಿಂದ ೨೦೧೯ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ ಐವತ್ತೆಂಟು ಸಾವಿರ ಜನರು ಹಾವಿನ ಕಡಿತದಿಂದ ಸತ್ತರೆಂದು ಅಂದಾಜು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಗಳ ಸಾಲಿಗೆ ಸೇರಿಸಿತು. ಹಾವು ತನ್ನದೇ ಶಾಖವನ್ನು ಹುಟ್ಟಿಸಿ ಉಳಿಸಿಕೊಳ್ಳುವ ಪ್ರಾಣಿಯಲ್ಲ. ಅದರ ಮೈಯ ಉಷ್ಣತೆ ಹೆಚ್ಚುಕಡಮೆ ನೆಲದ ಉಷ್ಣತೆಯೇ. ಆದ್ದರಿಂದ ಸಾವಿರಾರು ರೂಪಾಯಿಯ ಥರ್ಮಲ್ ದರ್ಶಕಕ್ಕೆ ಕಾಲಬಳಿಯ ಕೊಳಕುಮಂಡಲ ಕಾಣದೆ ಹೋಗಬಹುದು. ನೂರು ರೂಪಾಯಿಯ ಟಾರ್ಚಿಗೆ ಕಾಣುವುದು. ಸೋಜಿಗವೆಂದರೆ, ಹಾವುಗಳಲ್ಲಿಯೇ ಶಾಖವನ್ನು ಕಾಣುವ ಪಂಗಡವೊಂದಿದೆ. ಪಶ್ಚಿಮ ಘಟ್ಟಗಳ ಗುಳಿಮಂಡಲಗಳಿಗೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿಯೊಂದು ಇಂಥ ಅಂಗ. ಅದರಿಂದ ಅವು ಕತ್ತಲೆಯಲ್ಲಿಯೂ ಇಲಿಯ ಶಾಖವನ್ನು ಅರಿಯುತ್ತವೆ.

ಹಾಗಾದರೆ ಮನೆಗೆ ಯಾವುದು ಉಪಯೋಗ?

ಥರ್ಮಲ್ ಕ್ಯಾಮೆರಾ ನಿಷ್ಪ್ರಯೋಜಕವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ತರಬೇತಿ ಪಡೆದ ಅರಣ್ಯ ಸಿಬ್ಬಂದಿಯ ಕೈಯಲ್ಲಿ, ಮೇಲಿನಿಂದ ನೋಡುವ ಡ್ರೋನಿನಲ್ಲಿ, ಒಂದು ಊರಿಗೆ ಅಥವಾ ಹಲವು ಊರಿಗೆ ಒಂದರಂತೆ ಇದ್ದರೆ ಅದು ಅಮೂಲ್ಯವಾದದ್ದು. ಚಿರತೆ ಯಾವ ಗದ್ದೆಯಲ್ಲಿದೆಯೆಂದು ತಿಳಿದರೆ ಬೋನನ್ನು ಎಲ್ಲಿಡಬೇಕೆಂಬುದು ತಿಳಿಯುವುದು. ಜನರನ್ನು ಆ ದಾರಿಯಿಂದ ದೂರವಿಡಬಹುದು. ೨೦೨೨ರ ಗಣತಿಯಂತೆ ಕರ್ನಾಟಕದಲ್ಲಿ ಸುಮಾರು ೧೮೭೯ ಚಿರತೆಗಳಿವೆ. ಕಬ್ಬಿನ ಗದ್ದೆ, ಕಲ್ಲುಗುಡ್ಡ, ಬೀದಿನಾಯಿ ಇವು ಮೂರೂ ಇರುವ ಕಡೆ ಅವು ನಮ್ಮ ನೆರೆಯಲ್ಲಿಯೇ ಬಾಳುತ್ತವೆ. ಅವುಗಳೊಡನೆ ಬದುಕುವ ಊರಿಗೆ ಈ ಕಣ್ಣು ಬೇಕು.

ಆದರೆ ಒಂದೊಂದು ಮನೆಗೂ ಬೇಕಾದದ್ದು ಇದೇ ಶಾಸ್ತ್ರದ ಅಗ್ಗದ ರೂಪ. ಮನುಷ್ಯನೋ ಪ್ರಾಣಿಯೋ ಹತ್ತಿರ ಸುಳಿದೊಡನೆ ತಾನೇ ಹೊತ್ತಿಕೊಳ್ಳುವ ವಿದ್ಯುದ್ದೀಪಗಳು ಈಗ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಅವುಗಳ ಮೇಲಿನ ಬಿಳಿಯ ಗುಬುಟನ್ನು ನೀವು ನೋಡಿರಬಹುದು. ಅದು ಪಾಲಿಥೀನಿನ ಮಸೂರ. ಗಾಜು ತಡೆಯುವ ಶಾಖಕಿರಣಗಳನ್ನು ಪಾಲಿಥೀನ್ ಒಳಗೆ ಬಿಡುತ್ತದೆ. ಒಳಗಿನ ಹರಳಿನ ತುಣುಕಿನ ಮೇಲೆ ಬೀಳುವ ಶಾಖವು ಬದಲಾದರೆ ಅಲ್ಲಿ ವಿದ್ಯುದಾವೇಶ ಹುಟ್ಟಿ ದೀಪ ಹೊತ್ತಿಕೊಳ್ಳುವುದು. ಇದು ಚಿತ್ರವನ್ನು ತೋರಿಸುವುದಿಲ್ಲ. ಎಂಟು ಹತ್ತು ಮೀಟರಿನ ಆಚೆ ಇದಕ್ಕೆ ಅರಿವಿಲ್ಲ. ಆದರೆ ಬಚ್ಚಲು, ಕೊಟ್ಟಿಗೆ, ಹಿತ್ತಲ ಬಾಗಿಲು ಇವೆಲ್ಲ ಇರುವುದು ಆ ಹತ್ತು ಮೀಟರಿನೊಳಗೇ. ದೀಪ ಹೊತ್ತಿದೊಡನೆ ಅಲ್ಲಿರುವುದು ಏನೆಂದು ನಮ್ಮ ಕಣ್ಣೇ ನೋಡಿಕೊಳ್ಳುವುದು; ಚುಕ್ಕಿಗಳನ್ನು ಎಣಿಸಬೇಕಾದ ಕಷ್ಟವಿಲ್ಲ.

ಇದರ ಜೊತೆಗೆ ಕೆಲವು ಹಳೆಯ ಎಚ್ಚರಿಕೆಗಳೂ ಉಂಟು. ಕುರಿ ಮೇಕೆಗಳನ್ನೂ ನಾಯಿಯನ್ನೂ ರಾತ್ರಿ ಬಾಗಿಲಿರುವ ಕೊಟ್ಟಿಗೆಯಲ್ಲಿ ಕೂಡಬೇಕು. ಚಿರತೆ ಹಟ್ಟಿಗೆ ಬರುವುದು ಸಾಮಾನ್ಯವಾಗಿ ಅವುಗಳನ್ನು ಅರಸಿಕೊಂಡೇ. ಹಿತ್ತಲಿನ ಪೊದೆಗಳನ್ನು ಕಡಿಯಬೇಕು. ಮುಸ್ಸಂಜೆಯಲ್ಲಿ ಮಕ್ಕಳನ್ನು ಒಂಟಿಯಾಗಿ ಅಂಗಡಿಗೆ ಕಳುಹಿಸಬಾರದು. ಚಿರತೆ ಕಂಡರೆ ಗುಂಪುಗೂಡಿ ಅಟ್ಟಿಸಿಕೊಂಡು ಹೋಗದೆ ಬಾಗಿಲು ಮುಚ್ಚಿ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು.

ಹದಿನಾರಿನ ಐತಿಹ್ಯದಲ್ಲಿ ಮನೆಯನ್ನು ಉಳಿಸಿದ ಮುನ್ನರಿವೇ ಇಂದಿಗೂ ಮನೆಯ ಮೊದಲ ಕಾವಲು. ಅದನ್ನು ದೊರಕಿಸಿಕೊಳ್ಳಲು ವಿಜ್ಞಾನವು ನಮಗೆ ಹಲವು ಬಗೆಯ ಕಣ್ಣುಗಳನ್ನು ಕೊಟ್ಟಿದೆ. ಯಾವ ಕಣ್ಣು ಎಷ್ಟು ದೂರ ಕಾಣುತ್ತದೆ, ಎಲ್ಲಿ ಮೋಸಹೋಗುತ್ತದೆ ಎಂಬ ಲೆಕ್ಕವನ್ನು ಹೈಸ್ಕೂಲಿನ ಗಣಿತವನ್ನು ಬಲ್ಲ ಯಾವ ವಿದ್ಯಾರ್ಥಿಯಾದರೂ ಮಾಡಬಹುದು. ಮನೆಯ ಹಿರಿಯರು ಇಂಥ ಉಪಕರಣವನ್ನು ಕೊಳ್ಳಹೊರಟಾಗ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಓದಿ, ಆ ಲೆಕ್ಕವನ್ನು ಅವರಿಗೆ ಮಾಡಿ ತೋರಿಸಿರಿ. ಉಳಿದ ಹಣದಲ್ಲಿ ಹಿತ್ತಲಿಗೆ ಒಂದು ದೀಪವನ್ನೂ ಕೊಟ್ಟಿಗೆಗೆ ಒಂದು ಗಟ್ಟಿಯಾದ ಬಾಗಿಲನ್ನೂ ಹಾಕಿಸಬಹುದು.